ಮಣಿದದ್ದು ಒಪ್ಪಿದ್ದಲ್ಲ: ನಾಲ್ವರು ಅಧ್ಯಾಪಕರ ಒಂದು ಪತ್ರ

ಕ್ರಿಮಿನಲ್ ಕಾನೂನು ಓದಿದ ಯಾರ ಮುಂದೆಯಾದರೂ ‘ತುಕಾರಾಮ್ ವಿರುದ್ಧ ಮಹಾರಾಷ್ಟ್ರ ಸರ್ಕಾರ’ ಅಂದು ನೋಡಿ. ತಕ್ಷಣ ಒಬ್ಬ ಹುಡುಗಿಯ ಹೆಸರು ಹೇಳುತ್ತಾರೆ. ಪ್ರಕರಣ ಜನರ ಬಾಯಲ್ಲಿ ಉಳಿದಿರುವುದೇ ಆ ಹೆಸರಿನಿಂದ. ನಾನಿಲ್ಲಿ ಅದನ್ನು ಬರೆಯುವುದಿಲ್ಲ. ಅತ್ಯಾಚಾರಕ್ಕೆ ಒಳಗಾದವರ ಹೆಸರು ಅಚ್ಚು ಹಾಕಬಾರದು ಅನ್ನುವ ಕಲಂ ನಮ್ಮ ಕಾನೂನಿಗೆ ಸೇರಿದ್ದು 1983ರಲ್ಲಿ, ಅದೂ ಇದೇ ಪ್ರಕರಣ ಎಬ್ಬಿಸಿದ ಗದ್ದಲದ ನಂತರ. ಅವಳ ದೆಸೆಯಿಂದ ಬಂದ ರಕ್ಷಣೆ ಅವಳಿಗೇ ಸಿಗಲಿಲ್ಲ. ಪಠ್ಯಪುಸ್ತಕಗಳಲ್ಲಿ ಹೆಸರು ಇವತ್ತಿಗೂ ಹಾಗೇ ಇದೆ.

ಕ್ರಿಮಿನಲ್ ಕಾನೂನಿನ ಸುಧಾರಣೆ ಅಂದರೆ ನಮಗೆ ನೆನಪಾಗುವುದು ಸಮಿತಿ, ವರದಿ, ಮಸೂದೆ. ಈ ಪ್ರಕರಣದಲ್ಲಿ ಅವೆಲ್ಲ ಆಮೇಲೆ ಬಂದವು. ಮೊದಲು ಆದದ್ದು ಇಷ್ಟೇ: ನಾಲ್ಕು ಜನ ಕಾನೂನು ಅಧ್ಯಾಪಕರು ಸುಪ್ರೀಂ ಕೋರ್ಟಿನ ಒಂದು ತೀರ್ಪನ್ನು ಕೂತು ಸರಿಯಾಗಿ ಓದಿದರು. ಓದಿದ ಮೇಲೆ ಸುಮ್ನೆ ಇರಲಿಲ್ಲ.

ಆ ರಾತ್ರಿ

1972ರ ಮಾರ್ಚ್ 26. ಊರು ದೇಸಾಯಿಗಂಜ್. ಆಗ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆ, ಈಗ ಗಡ್‌ಚಿರೋಲಿ. ಹುಡುಗಿ ಆದಿವಾಸಿ. ಚಿಕ್ಕವಳಿದ್ದಾಗಲೇ ಅಪ್ಪ ಅಮ್ಮ ತೀರಿಕೊಂಡಿದ್ದರು. ಅಣ್ಣನ ಜೊತೆ ಇದ್ದಳು, ಇಬ್ಬರಿಗೂ ಕೂಲಿಯೇ ಗತಿ. ಕೆಲಸಕ್ಕೆ ಹೋಗುತ್ತಿದ್ದ ಮನೆಯಾಕೆಯ ಅಕ್ಕನ ಮಗನ ಪರಿಚಯವಾಗಿ, ಇಬ್ಬರೂ ಮದುವೆಯಾಗಬೇಕು ಅಂದುಕೊಂಡಿದ್ದರು. ಅಣ್ಣನಿಗೆ ಇದು ಇಷ್ಟವಿರಲಿಲ್ಲ. ತಂಗಿಯನ್ನು ಅಪಹರಿಸಿದ್ದಾರೆ ಅಂತ ಪೊಲೀಸರಿಗೆ ದೂರು ಕೊಟ್ಟ.

ಎಲ್ಲರನ್ನೂ ಠಾಣೆಗೆ ಕರೆಸಿದರು. ಒಬ್ಬ ಹೆಡ್ ಕಾನ್‌ಸ್ಟೆಬಲ್ ಹೇಳಿಕೆ ಬರೆದುಕೊಂಡು ಮುಗಿಸುವಷ್ಟರಲ್ಲಿ ರಾತ್ರಿ ಹತ್ತೂವರೆ. ಹುಡುಗಿಯ ಹುಟ್ಟಿದ ದಿನದ ದಾಖಲೆ ತಂದುಕೊಡು ಅಂತ ಅಣ್ಣನಿಗೆ ಹೇಳಿ ಆತ ಮನೆಗೆ ಹೊರಟ. ಉಳಿದವರೂ ಹೊರಡುತ್ತಿದ್ದರು. ಆಗ ಠಾಣೆಯಲ್ಲಿದ್ದ ಕಾನ್‌ಸ್ಟೆಬಲ್ ಹುಡುಗಿಯನ್ನು ಮಾತ್ರ ಒಳಗೆ ಉಳಿಸಿಕೊಂಡು, ಮಿಕ್ಕವರಿಗೆ ಹೊರಗೆ ಹೋಗಲು ಹೇಳಿದ. ಪ್ರಾಸಿಕ್ಯೂಷನ್ ಹೇಳಿದ ಪ್ರಕಾರ, ಠಾಣೆಯ ಹಿಂಭಾಗದಲ್ಲಿ ಅವಳ ಮೇಲೆ ಅತ್ಯಾಚಾರವಾಯಿತು. ಕಾನ್‌ಸ್ಟೆಬಲ್ ನಂತರ ಇನ್ನೊಬ್ಬ ಹೆಡ್ ಕಾನ್‌ಸ್ಟೆಬಲ್ ಕೂಡ ಅವಳ ಮೈಮೇಲೆ ಕೈ ಹಾಕಿದ. ಆತ ಕುಡಿದಿದ್ದ.

ಹೊರಗೆ ಕಾಯುತ್ತಿದ್ದವರಿಗೆ ಕಂಡದ್ದು ಎರಡೇ: ಆರಿದ ದೀಪ, ಮುಚ್ಚಿದ ಬಾಗಿಲು. ಮನೆಯಾಕೆ ಹಿಂದುಗಡೆ ಹೋಗಿ ಕೂಗಿದಳು. ಜನ ಸೇರಿದರು. ಹುಡುಗಿ ಹೊರಗೆ ಬಂದವಳೇ ಆದದ್ದನ್ನು ಎಲ್ಲರ ಎದುರು ಹೇಳಿದಳು. ಠಾಣೆಗೆ ಬೆಂಕಿ ಇಡುತ್ತೇವೆ ಅಂತ ಜನ ರೇಗಿ ನಿಂತ ಮೇಲೆಯೇ ಅವಳ ದೂರು ಬರೆದುಕೊಂಡದ್ದು. ಈ ಒಂದು ಸಂಗತಿ ನನ್ನನ್ನು ಬಹಳ ಕಾಡಿದೆ. ದೂರು ದಾಖಲಾಗಬೇಕಾದರೆ ಊರೇ ಬಂದು ನಿಲ್ಲಬೇಕಾಯಿತಲ್ಲ.

ವೈದ್ಯರು ಅವಳನ್ನು ಪರೀಕ್ಷಿಸಿದ್ದು ಮರುದಿನ ರಾತ್ರಿ 8ಕ್ಕೆ. ಮೈಮೇಲೆ ಗಾಯ ಇಲ್ಲ, ವಯಸ್ಸು 14ರಿಂದ 16 ಅಂತ ಬರೆದರು. ಅಂದಿನ ಕಾನೂನಿನಲ್ಲಿ 16ಕ್ಕಿಂತ ಚಿಕ್ಕವಳಾಗಿದ್ದರೆ ಒಪ್ಪಿಗೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಆದರೆ ಅವಳಿಗೆ 16 ತುಂಬಿರಲಿಲ್ಲ ಅನ್ನುವುದು ಸಾಬೀತಾಗಿಲ್ಲ ಅಂತ ಸೆಷನ್ಸ್ ಕೋರ್ಟು ಹೇಳಿಬಿಟ್ಟಿತು. ಹುಟ್ಟಿದ ದಿನದ ದಾಖಲೆ ತಾ ಅಂತ ಠಾಣೆಯಲ್ಲೇ ಹೇಳಿ ಕಳಿಸಿದ್ದ ರಾತ್ರಿ ಅದು!

ಮೂರು ಕೋರ್ಟು

1974ರಲ್ಲಿ ಸೆಷನ್ಸ್ ನ್ಯಾಯಾಧೀಶರು ಇಬ್ಬರೂ ಪೊಲೀಸರನ್ನು ಖುಲಾಸೆ ಮಾಡಿದರು. ಹುಡುಗಿ ಭಾರೀ ಸುಳ್ಳುಗಾತಿ, ಅವಳಿಗೆ ಲೈಂಗಿಕ ಸಂಬಂಧದ ರೂಢಿ ಇತ್ತು, ತಾನು ಮದುವೆಯಾಗಬೇಕಿದ್ದವನ ಮುಂದೆ ಒಳ್ಳೆಯವಳು ಅನ್ನಿಸಿಕೊಳ್ಳಲು ಈ ಕಥೆ ಕಟ್ಟಿದಳು ಅನ್ನುವುದು ಅವರ ತರ್ಕ. 

1976ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಇದನ್ನು ತಿರುಗಿಸಿತು. ಕಾನ್‌ಸ್ಟೆಬಲ್‌ಗೆ 5 ವರ್ಷ, ಹೆಡ್ ಕಾನ್‌ಸ್ಟೆಬಲ್‌ಗೆ 1 ವರ್ಷ ಶಿಕ್ಷೆ. ಹೈಕೋರ್ಟು ಹೇಳಿದ ಮಾತು ಸರಳ. ಇಬ್ಬರೂ ಅವಳಿಗೆ ಅಪರಿಚಿತರು. ಅವಳಾಗಿ ಅವರ ಬಳಿ ಹೋಗುವ ಮಾತೇ ಇಲ್ಲ. ಹೆದರಿ ಅಸಹಾಯಕಳಾಗಿ ಮೈ ಬಿಟ್ಟುಕೊಟ್ಟರೆ ಅದು ಒಪ್ಪಿಗೆ ಆಗುವುದಿಲ್ಲ.

1978ರ ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಮತ್ತೆ ಖುಲಾಸೆ ಮಾಡಿತು. ತೀರ್ಪು ಬರೆದವರು ನ್ಯಾಯಮೂರ್ತಿ ಕೋಶಲ್. ಮೈಮೇಲೆ ಗಾಯವಿಲ್ಲ, ಹಾಗಾಗಿ ನಡೆದದ್ದು ‘ಶಾಂತವಾಗಿ’ ನಡೆದಿದೆ. ತಾನು ಪ್ರತಿಭಟಿಸಿದೆ ಅಂತ ಅವಳು ಹೇಳಿದ್ದು ಸುಳ್ಳು. ಅಣ್ಣ ಜೊತೆಯಲ್ಲಿದ್ದ, ಠಾಣೆಯಿಂದ ಹೊರಡುವುದರಲ್ಲಿದ್ದರು, ಅಂಥ ಹೊತ್ತಿನಲ್ಲಿ ಅವಳು ಹೆದರಿ ಸುಮ್ಮನಾದಳು ಅನ್ನುವುದನ್ನು ನಂಬಲಾಗದು. ಹೆದರಿಕೆ ಅಂದರೆ ಸಾವಿನ ಅಥವಾ ಪೆಟ್ಟಿನ ಹೆದರಿಕೆಯೇ ಆಗಿರಬೇಕು, ಅದನ್ನು ಪ್ರಾಸಿಕ್ಯೂಷನ್ ಸಾಬೀತು ಮಾಡಬೇಕಿತ್ತು, ಮಾಡಿಲ್ಲ. ತೀರ್ಪಿನ ಸಾರ ಇಷ್ಟು.

ತೀರ್ಪನ್ನು ಓದುವಾಗ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ‘ಠಾಣೆ’ ಅನ್ನುವ ಪದ ಮತ್ತೆ ಮತ್ತೆ ಬರುತ್ತದೆ, ಆದರೆ ಠಾಣೆ ಅಂದರೆ ಏನು ಅನ್ನುವುದು ಎಲ್ಲೂ ಇಲ್ಲ. ಅದೊಂದು ವಿಳಾಸ ಮಾತ್ರ. ರಾತ್ರಿ ಹತ್ತೂವರೆಗೆ ಕೂಲಿ ಮಾಡುವ ಹುಡುಗಿಯೊಬ್ಬಳು ಖಾಕಿ ಬಟ್ಟೆಯ ಮುಂದೆ ಹೇಗೆ ನಿಂತಿರುತ್ತಾಳೆ ಅನ್ನುವುದನ್ನು ತಿಳಿಯಲು ಕಾನೂನು ಪದವಿ ಬೇಕಿಲ್ಲ, ಅಲ್ವಾ?

ಒಂದು ವರ್ಷ, ಒಂದು ದಿನ

ತೀರ್ಪು ಬಂತು, ಕಾನೂನು ವರದಿಗಳಲ್ಲಿ ಅಚ್ಚಾಯಿತು. ಯಾರೂ ಹೆಚ್ಚು ಮಾತಾಡಲಿಲ್ಲ. 1979ರ ಸೆಪ್ಟೆಂಬರ್ 16ರಂದು, ಅಂದರೆ ಸರಿಯಾಗಿ ಒಂದು ವರ್ಷ ಒಂದು ದಿನದ ಮೇಲೆ, ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಬಹಿರಂಗ ಪತ್ರ ಹೋಯಿತು. ಆಗ ಆ ಕುರ್ಚಿಯಲ್ಲಿದ್ದವರು ವೈ.ವಿ. ಚಂದ್ರಚೂಡ್. ಪತ್ರಕ್ಕೆ ಸಹಿ ಹಾಕಿದವರು ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ರಘುನಾಥ್ ಕೇಳ್ಕರ್, ವಸುಧಾ ಧಾಗಮ್‌ವಾರ್. ಮೊದಲ ಮೂವರು ದೆಹಲಿ ವಿಶ್ವವಿದ್ಯಾಲಯದವರು, ವಸುಧಾ ಪುಣೆಯವರು. ಕೇಳ್ಕರ್ ಕ್ರಿಮಿನಲ್ ಪ್ರೊಸೀಜರ್ ಬಗ್ಗೆ ಬರೆದ ಪುಸ್ತಕವನ್ನು ವಿದ್ಯಾರ್ಥಿಗಳು ಇವತ್ತಿಗೂ ಹಿಡಿದುಕೊಂಡು ಓಡಾಡುತ್ತಾರೆ. ಲತಿಕಾ ಅವರು ಮಹಿಳೆಯರ ಸ್ಥಿತಿಗತಿಯ ಬಗ್ಗೆ 1974ರಲ್ಲಿ ವರದಿ ಕೊಟ್ಟ ರಾಷ್ಟ್ರೀಯ ಸಮಿತಿಯಲ್ಲಿದ್ದವರು. ಬೀದಿಯಲ್ಲಿ ಘೋಷಣೆ ಕೂಗಿ ರೂಢಿ ಇದ್ದವರಲ್ಲ. ಪಾಠ ಮಾಡುವವರು.

ಅವರು ಕಾನೂನಿನ ಹೊರಗಿನ ಮಾತು ತಂದು ಜಗಳ ತೆಗೆಯಲಿಲ್ಲ. ಕೋರ್ಟಿನ ಕಡತವನ್ನೇ ಕೋರ್ಟಿನ ಮುಂದೆ ಬಿಚ್ಚಿಟ್ಟರು. ಈ ಕಡತದಿಂದ ಸಾಬೀತಾಗುವುದು ಹುಡುಗಿ ಮಣಿದಳು ಅನ್ನುವುದು ಮಾತ್ರ, ಒಪ್ಪಿದಳು ಅನ್ನುವುದಲ್ಲ ಅಂದರು. ಒಪ್ಪಿದವರು ಮಣಿದಂತೆ ಕಾಣಬಹುದು, ಮಣಿದವರೆಲ್ಲ ಒಪ್ಪಿದವರಲ್ಲ. ಪತ್ರದ ಪ್ರಾಣ ಈ ಮಾತಿನಲ್ಲಿದೆ. ಕನ್ನಡದಲ್ಲಿ ಹೇಳಿದರೆ ಇದು ಎಷ್ಟು ಸಲೀಸಾಗಿ ಅರ್ಥವಾಗುತ್ತದೆ ನೋಡಿ. ಸಾಲ ಕೊಟ್ಟ ಸಾಹುಕಾರ ಹೊಲ ಬರೆಸಿಕೊಂಡಾಗ ಹೆಬ್ಬೆಟ್ಟು ಒತ್ತಿದವನು ಒಪ್ಪಿ ಕೊಟ್ಟ ಅಂತ ನಮ್ಮಲ್ಲಿ ಯಾರೂ ಹೇಳುವುದಿಲ್ಲ.

ಇನ್ನೊಂದು ಪಾಯಿಂಟು ವಕೀಲರಿಗೆ ಹೆಚ್ಚು ರುಚಿಸುವಂಥದ್ದು. ಈ ತೀರ್ಪಿಗೆ ಐದೇ ತಿಂಗಳ ಹಿಂದೆ, ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಪ್ರಕರಣದಲ್ಲಿ ಇದೇ ಸುಪ್ರೀಂ ಕೋರ್ಟು ಬೇರೆಯೇ ದನಿಯಲ್ಲಿ ಮಾತಾಡಿತ್ತು. ಹೆಂಗಸರನ್ನು ವಿಚಾರಣೆಗೆ ಠಾಣೆಗೆ ಕರೆಸುವುದು ಕ್ರಿಮಿನಲ್ ಪ್ರೊಸೀಜರ್ ಸಂಹಿತೆಯ 160ನೇ ಕಲಂಗೆ ವಿರುದ್ಧ, ಅವರ ಮನೆಗೇ ಹೋಗಿ ಕೇಳಬೇಕು ಅಂತ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಖಾರವಾಗಿಯೇ ಬರೆದಿದ್ದರು. ಮಾಜಿ ಮುಖ್ಯಮಂತ್ರಿಯ ವಿಷಯದಲ್ಲಿ ಕೋರ್ಟಿಗೆ ಠಾಣೆಯ ಭಯ ಅರ್ಥವಾಗಿತ್ತು. ಕೂಲಿ ಹುಡುಗಿಯ ವಿಷಯಕ್ಕೆ ಬಂದಾಗ, ರಾತ್ರಿ ಹೊತ್ತು ಅವಳನ್ನು ಠಾಣೆಯಲ್ಲಿ ಕೂರಿಸಿಕೊಂಡದ್ದೇ ತಪ್ಪು ಅನ್ನುವ ಒಂದು ಸಾಲೂ ಇಲ್ಲ. ಅವಳ ಬಡತನ, ವಯಸ್ಸು, ಕಾನೂನು ಗೊತ್ತಿಲ್ಲದಿರುವುದು, ಪೊಲೀಸರನ್ನು ಕಂಡರೆ ಬಡವರಿಗೆ ಇರುವ ಭಯ, ಯಾವುದನ್ನೂ ಕೋರ್ಟು ಲೆಕ್ಕಕ್ಕೆ ಹಿಡಿಯಲಿಲ್ಲ ಅಂತ ಪತ್ರ ಕೇಳಿತು. ಮದುವೆಗೆ ಮುಂಚೆ ಸಂಬಂಧ ಇತ್ತು ಅನ್ನುವುದು ಪೊಲೀಸರಿಗೆ ಅತ್ಯಾಚಾರದ ಲೈಸೆನ್ಸ್ ಆಗಿಬಿಡುತ್ತದೆಯೇ ಅಂತಲೂ ಕೇಳಿತು.

ನನಗೆ ತುಂಬಾ ಇಷ್ಟವಾದದ್ದು ಪತ್ರದಲ್ಲಿ ಬರುವ ಒಂದು ಸಲಹೆ. ಮುಖ್ಯ ನ್ಯಾಯಮೂರ್ತಿಗಳೂ ಅವರ ಸಹೋದ್ಯೋಗಿಗಳೂ ಬಡವರ ವೇಷದಲ್ಲಿ, ಯಾರಿಗೂ ಗುರುತು ಸಿಗದ ಹಾಗೆ, ದೆಹಲಿ ಸುತ್ತಮುತ್ತಲ ಹಳ್ಳಿಗಳ ಠಾಣೆಗಳಿಗೆ ಒಮ್ಮೆ ಹೋಗಿ ಬರಬಾರದೇಕೆ ಅಂತ ಅವರು ವಿನಯದಿಂದಲೇ ಕೇಳಿದ್ದಾರೆ. ಹಿಂದಿನ ರಾಜರು ಮಾರುವೇಷದಲ್ಲಿ ಊರು ಸುತ್ತುತ್ತಿದ್ದ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದರ ಚುಚ್ಚು ಚೆನ್ನಾಗಿಯೇ ತಟ್ಟುತ್ತದೆ.

ಪತ್ರ ಬೀದಿಗೆ ಬಂದ ಮೇಲೆ

ಪತ್ರ ಕೇಳಿದ್ದು ಪ್ರಕರಣದ ಮರುವಿಚಾರಣೆ. ಅದು ಆಗಲಿಲ್ಲ. ಆದರೆ ಪತ್ರಿಕೆಗಳ ಮೂಲಕ ಜನರಿಗೆ ತಲುಪಿತು. 1980ರ ಆರಂಭದಲ್ಲಿ ಮುಂಬೈಯಲ್ಲಿ ಅತ್ಯಾಚಾರದ ವಿರುದ್ಧ ಮಹಿಳೆಯರ ವೇದಿಕೆಯೊಂದು ಹುಟ್ಟಿತು. ಆ ವರ್ಷದ ಮಾರ್ಚ್ 8ರಂದು ಮುಂಬೈ, ದೆಹಲಿಗಳಲ್ಲಿ ಹೆಂಗಸರು ಬೀದಿಗಿಳಿದರು. ಹೈದರಾಬಾದಿನಲ್ಲಿ 1978ರಲ್ಲೇ ಠಾಣೆಯೊಳಗಿನ ಇನ್ನೊಂದು ಅತ್ಯಾಚಾರ ಪ್ರಕರಣ ಊರನ್ನು ಹೊತ್ತಿಸಿತ್ತು. ಸರ್ಕಾರ ವಿಷಯವನ್ನು ಕಾನೂನು ಆಯೋಗಕ್ಕೆ ಒಪ್ಪಿಸಿತು. ಆಯೋಗದ 84ನೇ ವರದಿ ಬಂದದ್ದು 1980ರ ಏಪ್ರಿಲ್‌ನಲ್ಲಿ.

1983ರ ತಿದ್ದುಪಡಿ ಕಾಯ್ದೆ ಡಿಸೆಂಬರ್ 25ರಂದು ಜಾರಿಗೆ ಬಂತು. ಸಾಕ್ಷ್ಯ ಕಾಯ್ದೆಗೆ 114ಎ ಕಲಂ ಸೇರಿತು. ಪೊಲೀಸರ ವಶದಲ್ಲಿ ಅಥವಾ ಅಂಥದ್ದೇ ಇನ್ನಿತರ ಸಂದರ್ಭಗಳಲ್ಲಿ ಲೈಂಗಿಕ ಸಂಪರ್ಕ ಆಗಿದೆ ಅನ್ನುವುದು ಸಾಬೀತಾದ ಮೇಲೆ, ನಾನು ಒಪ್ಪಿರಲಿಲ್ಲ ಅಂತ ಅವಳು ಕೋರ್ಟಿನಲ್ಲಿ ಹೇಳಿದರೆ, ಕೋರ್ಟು ಅವಳ ಮಾತನ್ನು ನಂಬಿಕೊಂಡೇ ಮುಂದುವರಿಯಬೇಕು. ಒಪ್ಪಿದ್ದಳು ಅಂತ ತೋರಿಸುವ ಹೊಣೆ ಆರೋಪಿಯದು. ಪೊಲೀಸರಿಂದ ಆಗುವ ಅತ್ಯಾಚಾರಕ್ಕೆ ಕನಿಷ್ಠ 10 ವರ್ಷ, ಸಾಮಾನ್ಯ ಪ್ರಕರಣಕ್ಕೆ ಕನಿಷ್ಠ 7 ವರ್ಷ ಶಿಕ್ಷೆ ಬಂತು. ವಿಚಾರಣೆ ಮುಚ್ಚಿದ ಬಾಗಿಲಿನ ಒಳಗೆ. ಹೆಸರು ಬಯಲು ಮಾಡಿದರೆ ಅದೂ ಅಪರಾಧ.

ಹೊಣೆಯನ್ನು ಆರೋಪಿಯ ಹೆಗಲಿಗೆ ಹಾಕುವುದು ನನಗೆ ಸಾಮಾನ್ಯವಾಗಿ ಹಿಡಿಸುವುದಿಲ್ಲ. ಕ್ರಿಮಿನಲ್ ಕಾನೂನಿನಲ್ಲಿ ಆ ಬಾಗಿಲು ಒಮ್ಮೆ ತೆರೆದರೆ ಮುಚ್ಚುವುದು ಕಷ್ಟ. ಆದರೆ 114ಎ ಬಗ್ಗೆ ನನ್ನ ತಕರಾರಿಲ್ಲ. ಠಾಣೆಯ ಬಾಗಿಲ ಕೀಲಿ ಯಾರ ಕೈಯಲ್ಲಿತ್ತೋ ಒಳಗೆ ಏನಾಯಿತು ಅನ್ನುವ ವಿವರಣೆಯನ್ನೂ ಅವರೇ ಕೊಡಬೇಕು. ಅಷ್ಟೇ ಅದರ ಅರ್ಥ.

ನನ್ನ ತಕರಾರು ಇರುವುದು ಆ ಕಾಯ್ದೆ ಬಿಟ್ಟ ವಿಷಯದ ಬಗ್ಗೆ. ಪತ್ರದ ಪ್ರಾಣ ಇದ್ದದ್ದು ಒಪ್ಪಿಗೆ ಅಂದರೇನು ಅನ್ನುವ ಪ್ರಶ್ನೆಯಲ್ಲಿ. ಕಾನೂನು ಆಯೋಗವೂ ‘ಮುಕ್ತ ಮತ್ತು ಸ್ವಯಿಚ್ಛೆಯ ಒಪ್ಪಿಗೆ’ ಅಂತ ಭಾರತೀಯ ದಂಡ ಸಂಹಿತೆಯ (ಐಪಿಸಿ) 375ನೇ ಕಲಂನಲ್ಲಿ, ಅಂದರೆ ಅತ್ಯಾಚಾರ ಅಂದರೇನು ಅಂತ ಹೇಳುವ ಕಲಂನಲ್ಲಿ, ಸೇರಿಸಿ ಅಂದಿತ್ತು. ಸಂಸತ್ತು ಅದನ್ನು ಮುಟ್ಟಲಿಲ್ಲ. ಹೆಣ್ಣಿನ ಹಿಂದಿನ ನಡತೆ ಕೆದಕಿ ಅವಳ ಸಾಕ್ಷ್ಯವನ್ನು ಹೊಡೆದುಹಾಕಲು ವಕೀಲರಿಗೆ ಅವಕಾಶ ಕೊಡುತ್ತಿದ್ದ ಸಾಕ್ಷ್ಯ ಕಾಯ್ದೆಯ 155(4)ನೇ ಕಲಂ ಕೂಡ ಹಾಗೇ ಉಳಿಯಿತು. ಅದು ಹೋಗಲು ಮತ್ತೆ ಸುಮಾರು 20 ವರ್ಷ ಹಿಡಿಯಿತು. ಶಿಕ್ಷೆ ಜಾಸ್ತಿ ಮಾಡುವುದು ಯಾವ ಸರ್ಕಾರಕ್ಕೂ ಸುಲಭ. ಒಂದು ಪದಕ್ಕೆ ಅರ್ಥ ಕೊಡುವುದೇ ಕಷ್ಟ.

ಬಿಟ್ಟದ್ದರ ಬೆಲೆ ಬೇಗನೆ ತಿಳಿಯಿತು. ‘ತಕ್ಕ ಮತ್ತು ವಿಶೇಷ ಕಾರಣ’ ಇದ್ದರೆ ಕನಿಷ್ಠ ಶಿಕ್ಷೆಗಿಂತ ಕಡಿಮೆ ಕೊಡಬಹುದು ಅಂತ 1983ರ ಕಾಯ್ದೆಯಲ್ಲೇ ಒಂದು ಸಂದು ಇತ್ತು. 1984ರಲ್ಲಿ ಹರಿಯಾಣದಲ್ಲಿ ಇಬ್ಬರು ಪೊಲೀಸರ ಮೇಲೆ ಇಂಥದ್ದೇ ಆರೋಪ ಬಂತು, ಶಿಕ್ಷೆಯೂ ಆಯಿತು. 1989ರಲ್ಲಿ ಪ್ರೇಮ್ ಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅವರ 10 ವರ್ಷವನ್ನು 5ಕ್ಕೆ ಇಳಿಸಿತು. ಕಾರಣಗಳಲ್ಲಿ ಒಂದು, ಆ ಹುಡುಗಿಯ ‘ನಡವಳಿಕೆ’. ಮತ್ತೆ ಪ್ರತಿಭಟನೆ ಆಯಿತು, ಮರುಪರಿಶೀಲನೆಗೆ ಅರ್ಜಿ ಹೋಯಿತು. ನಡವಳಿಕೆ ಅಂದರೆ ನಾವು ಅವಳ ಶೀಲದ ಬಗ್ಗೆ ಹೇಳಿದ್ದಲ್ಲ ಅಂತ ಕೋರ್ಟು ಸಮಜಾಯಿಷಿ ಕೊಟ್ಟಿತು. 5 ವರ್ಷ 5 ವರ್ಷವಾಗಿಯೇ ಉಳಿಯಿತು.

ಪದಕ್ಕೆ ಅರ್ಥ ಸಿಕ್ಕ ದಿನ

2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದದ್ದು ಎಲ್ಲರಿಗೂ ನೆನಪಿದೆ. ನ್ಯಾಯಮೂರ್ತಿ ಜೆ.ಎಸ್. ವರ್ಮಾ, ಲೀಲಾ ಸೇಠ್, ಗೋಪಾಲ್ ಸುಬ್ರಮಣ್ಯಂ ಅವರ ಸಮಿತಿ ಒಂದು ತಿಂಗಳಲ್ಲಿ, ಸುಮಾರು 80,000 ಸಲಹೆಗಳನ್ನು ನೋಡಿ, 2013ರ ಜನವರಿ 23ರಂದು ವರದಿ ಕೊಟ್ಟಿತು. ಆ ವರ್ಷದ ತಿದ್ದುಪಡಿಯಲ್ಲಿ 375ನೇ ಕಲಂಗೆ ಒಂದು ವಿವರಣೆ ಸೇರಿತು. ಒಪ್ಪಿಗೆ ಅಂದರೆ ಮಾತು, ಸನ್ನೆ ಅಥವಾ ಇನ್ನಾವುದೇ ರೀತಿಯಲ್ಲಿ ಸ್ಪಷ್ಟವಾಗಿ, ತಾನಾಗಿ ಕೊಟ್ಟದ್ದು. ಅದರ ಬೆನ್ನಿಗೇ ಇನ್ನೊಂದು ಸಾಲು: ಹೆಣ್ಣು ಮೈಯಿಂದ ಪ್ರತಿಭಟಿಸಲಿಲ್ಲ ಅನ್ನುವುದೊಂದೇ ಕಾರಣಕ್ಕೆ ಅವಳು ಒಪ್ಪಿದಳು ಅಂತ ತಿಳಿಯಬಾರದು.

ದೇಸಾಯಿಗಂಜ್ ತೀರ್ಪಿನ ‘ಗಾಯವಿಲ್ಲ, ಹಾಗಾಗಿ ಶಾಂತವಾಗಿ ನಡೆದಿದೆ’ ಅನ್ನುವ ವಾದಕ್ಕೆ ಇದು ನೇರ ಉತ್ತರ. ನಾಲ್ವರು ಅಧ್ಯಾಪಕರು 1979ರಲ್ಲಿ ಬರೆದ ಮಾತು ಕಾನೂನಿನ ಪುಸ್ತಕದೊಳಗೆ ಬರಲು 34 ವರ್ಷ ಹಿಡಿಯಿತು. ಶಿಕ್ಷೆ ಇಳಿಸುವ ಸಂದನ್ನೂ ಆಗಲೇ ಮುಚ್ಚಿದರು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆ ಸಾಲು ಅದರ 63ನೇ ಕಲಂನಲ್ಲಿ ಹಾಗೇ ಕೂತಿದೆ. 114ಎ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 120ನೇ ಕಲಂ. ನಂಬರು ಬದಲಾಗಿದೆ, ಮಾತು ಅದೇ. ವಕೀಲರ ಕೋಣೆಗಳಲ್ಲಿ ಹಳೇ ನಂಬರು, ಹೊಸ ನಂಬರು ಎರಡನ್ನೂ ಹೇಳುವ ಒದ್ದಾಟ ಮಾತ್ರ ಇನ್ನೂ ಮುಗಿದಿಲ್ಲ.

ವೈದ್ಯಕೀಯ ಪರೀಕ್ಷೆಯ ಕಥೆಯೂ ಹೀಗೇ ಎಳೆದಾಡಿತು. ಹುಡುಗಿಗೆ ‘ರೂಢಿ’ ಇತ್ತು ಅಂತ ಬರೆಯಲು ದಾರಿ ಮಾಡಿಕೊಡುವ ಎರಡು ಬೆರಳಿನ ಪರೀಕ್ಷೆ ಅವಳ ಘನತೆಗೆ, ಖಾಸಗಿತನಕ್ಕೆ ಧಕ್ಕೆ ಅಂತ ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. ಆದರೂ ನಿಲ್ಲಲಿಲ್ಲ. ಆ ಪರೀಕ್ಷೆ ಮಾಡುವವರು ದುರ್ನಡತೆಯ ತಪ್ಪಿತಸ್ಥರು ಅಂತ 2022ರ ಅಕ್ಟೋಬರ್ 31ರಂದು ಮತ್ತೆ ಹೇಳಬೇಕಾಯಿತು. ಆ ತೀರ್ಪು ಬರೆದವರು ಡಿ.ವೈ. ಚಂದ್ರಚೂಡ್, ಬಹಿರಂಗ ಪತ್ರ ಯಾರ ಹೆಸರಿಗೆ ಹೋಗಿತ್ತೋ ಅವರ ಮಗ. ಕಾಕತಾಳೀಯವೇ ಇರಬಹುದು. ಆದರೂ ಬರೆಯದೆ ಬಿಡಲು ಮನಸ್ಸು ಬರಲಿಲ್ಲ.

ಬೆಂಗಳೂರಿನಲ್ಲಿ ಮತ್ತೊಂದು ಪತ್ರ

ಇದೆಲ್ಲ ಹಳೇ ಮಹಾರಾಷ್ಟ್ರದ ಕಥೆ ಅನ್ನುವವರು 2020ರ ಜೂನ್ 22ನ್ನು ನೆನಪಿಸಿಕೊಳ್ಳಬೇಕು. ಅತ್ಯಾಚಾರದ ಆರೋಪಿಯೊಬ್ಬರಿಗೆ ನಿರೀಕ್ಷಣಾ ಜಾಮೀನು ಕೊಡುವಾಗ ಕರ್ನಾಟಕ ಹೈಕೋರ್ಟಿನ ಆದೇಶದಲ್ಲಿ ಒಂದು ಮಾತು ಬಂತು. ಘಟನೆಯ ನಂತರ ಸುಸ್ತಾಗಿ ನಿದ್ದೆ ಹೋದೆ ಅಂತ ದೂರುದಾರೆ ಹೇಳಿದ್ದರು. ಇದು ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ, ಅತ್ಯಾಚಾರವಾದಾಗ ನಮ್ಮ ಹೆಂಗಸರು ನಡೆದುಕೊಳ್ಳುವ ರೀತಿ ಇದಲ್ಲ ಅಂತ ಆದೇಶ ಹೇಳಿತು.

ಜಾಮೀನು ಕೊಡುವುದು ಬಿಡುವುದು ಬೇರೆ ಮಾತು. ಜಾಮೀನಿಗೆ ಅದರದ್ದೇ ಅಳತೆಗೋಲುಗಳಿವೆ. ಆರೋಪ ಇನ್ನೂ ಸಾಬೀತಾಗದ ಮನುಷ್ಯ ಜೈಲಿನಲ್ಲಿ ಕೊಳೆಯಬೇಕು ಅಂತ ನಾನೂ ಹೇಳುವುದಿಲ್ಲ. ಇಲ್ಲಿನ ಪ್ರಶ್ನೆ, ಹೆಣ್ಣು ಹೇಗೆ ನಡೆದುಕೊಂಡಿರಬೇಕಿತ್ತು ಅನ್ನುವ ಚಿತ್ರ ನ್ಯಾಯಪೀಠದ ತಲೆಯೊಳಗೆ ಮೊದಲೇ ಇರುವುದು. 1978ರಲ್ಲಿ ಅವಳು ಕೂಗಬೇಕಿತ್ತು. 2020ರಲ್ಲಿ ಅವಳು ನಿದ್ದೆ ಮಾಡಬಾರದಿತ್ತು. ನಡುವೆ ಎರಡು ದೊಡ್ಡ ತಿದ್ದುಪಡಿಗಳಾಗಿವೆ.

ಈ ಸಲವೂ ಒಂದು ಬಹಿರಂಗ ಪತ್ರ ಹೋಯಿತು. ವಕೀಲೆ ಅಪರ್ಣಾ ಭಟ್ ಅದನ್ನು ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೂ ಸುಪ್ರೀಂ ಕೋರ್ಟಿನ ಮೂವರು ಮಹಿಳಾ ನ್ಯಾಯಮೂರ್ತಿಗಳಿಗೂ ಬರೆದರು. ರಾಜ್ಯ ಸರ್ಕಾರ ಅದೇ ಹೈಕೋರ್ಟಿಗೆ ಹೋಗಿ ಆ ಸಾಲುಗಳನ್ನು ತೆಗೆಯಿರಿ ಅಂತ ಕೇಳಿತು. ಜುಲೈ 2ರಂದು ತೆಗೆದರು. ಹತ್ತೇ ದಿನ. ಮರುವರ್ಷದ ಮಾರ್ಚ್‌ನಲ್ಲಿ, ಮಧ್ಯಪ್ರದೇಶದಲ್ಲಿ ಸಂತ್ರಸ್ತೆಯಿಂದ ರಾಖಿ ಕಟ್ಟಿಸಿಕೊಳ್ಳಬೇಕು ಅಂತ ಆರೋಪಿಗೆ ಜಾಮೀನಿನ ಷರತ್ತು ಹಾಕಿದ್ದ ಪ್ರಕರಣದಲ್ಲಿ, ಇದೇ ವಕೀಲೆಯೂ ಇತರರೂ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಒಂದು ಪಟ್ಟಿಯನ್ನೇ ಕೊಟ್ಟಿತು: ಹೆಣ್ಣಿನ ನಡತೆ, ಉಡುಗೆ, ಹಿಂದಿನ ಬದುಕಿನ ಬಗ್ಗೆ ಜಾಮೀನು ಆದೇಶಗಳಲ್ಲಿ ಇಂಥಿಂಥ ಮಾತು ಬರೆಯಬಾರದು ಅಂತ.

ಬೆಂಗಳೂರಿನ ಆದೇಶದ ಪ್ರತಿ ಈಗ ತೆಗೆದು ನೋಡಿದರೆ ಆ ಸಾಲುಗಳು ಇಲ್ಲ. ದೇಸಾಯಿಗಂಜ್ ಹುಡುಗಿಯ ತೀರ್ಪನ್ನು ಮಾತ್ರ ಯಾರೂ ತಿದ್ದಲಿಲ್ಲ. ತೀರ್ಪುಗಳನ್ನು ಅಚ್ಚು ಹಾಕುವ ಎಐಆರ್ (ಆಲ್ ಇಂಡಿಯಾ ರಿಪೋರ್ಟರ್) 1979ರ ಸಂಪುಟದಲ್ಲಿ, ಸುಪ್ರೀಂ ಕೋರ್ಟಿನ ಭಾಗ, 185ನೇ ಪುಟ. ‘ಶಾಂತವಾಗಿ’ ಅನ್ನುವ ಪದ ಅಲ್ಲೇ ಇದೆ. ಅವಳ ಹೆಸರೂ ಇದೆ.